ಹಿಂದುಮುಂದಾಗಿ ಏರಿಸಿದ ದೋಣಿ

ದೋಣಿಗೆ ನೀರು ಬರುತ್ತಿತ್ತು. ಹುಟ್ಟು ಹಾಕುತ್ತಿದ್ದ ನಾಗಕ್ಕನ ಅಂಗಾಲಿಗೆ ಅದು ಮೊದಲು ಗೊತ್ತಾಯಿತು. ಈ ದಂಡೆ ಬಿಡುವಾಗ ಒಣಗಿದ್ದ ಪಾದ ನಡುಹೊಳೆಗೆ ಬರುವಷ್ಟರಲ್ಲಿ ತಣ್ಣಗಾಗಿತ್ತು. ಆ ದಂಡೆ ಮುಟ್ಟುವಾಗ ಹಿಮ್ಮಡಿ ಮುಳುಗಿತ್ತು.

"ಯಾಕ ನಾಗಕ್ಕ, ಇವತ್ತು ದೋಣಿಯೊಳಗೇ ನಾಟಿ ಮಾಡಿಸ್ತೀಯೇನು?" ಎಂದಳು ಚೌಡವ್ವ, ಸೀರೆ ಎತ್ತಿ ಕಟ್ಟುತ್ತಾ. ದೋಣಿಯಲ್ಲಿದ್ದ ಒಂಬತ್ತು ಹೆಂಗಸರೂ ನಕ್ಕರು. ನಾಗಕ್ಕ ಮಾತ್ರ ನಗಲಿಲ್ಲ. ಪ್ಲಾಸ್ಟಿಕ್ ಮಗ್ಗಿನಿಂದ ನೀರು ತೋಡಿ ತೋಡಿ ಹೊರಗೆ ಚೆಲ್ಲಿದಳು.

ನಂದಿಗುಡಿಯಿಂದಾಚೆ ತುಂಗಭದ್ರೆಯ ದಂಡೆಯಲ್ಲಿರುವ ಊರು ಅದು. ಊರಿನ ಅರ್ಧ ಗದ್ದೆ ಹೊಳೆಯ ಆಚೆಗಿದೆ. ಸುತ್ತಿ ಹೋಗುವುದಾದರೆ ಹರಿಹರದ ಸೇತುವೆ ದಾಟಿ ಎರಡು ಬಸ್ಸು ಹಿಡಿಯಬೇಕು, ಅರ್ಧ ದಿನ ದಾರಿಯಲ್ಲೇ ಕಳೆಯುತ್ತದೆ. ಅದಕ್ಕೇ ಊರಿಗೆ ಸ್ತ್ರೀಶಕ್ತಿ ಸಂಘದ ಫೈಬರ್ ದೋಣಿಯೇ ದಾರಿ, ಅದೇ ಸೇತುವೆ.

ಎರಡು ವರ್ಷದ ಹಿಂದೆ ಇಂಥದ್ದೇ ಇನ್ನೊಂದು ಫೈಬರ್ ದೋಣಿ ಇತ್ತು. ಅದನ್ನು ನಡೆಸುತ್ತಿದ್ದವನು ನಾಗಕ್ಕನ ಗಂಡ ಏಕಾಂತಪ್ಪ. ಆಷಾಢದ ಒಂದು ಬೆಳಿಗ್ಗೆ ಹೆಂಗಸರನ್ನು ಆಚೆ ಇಳಿಸಿ ಒಬ್ಬನೇ ವಾಪಸು ಬರುವಾಗ ದೋಣಿಗೆ ನೀರು ತುಂಬಿ ಮಗುಚಿತು. ದೋಣಿ ಮೂರನೆಯ ದಿನ ಕೆಳಗಡೆ ಜಾಲಿ ಪೊದೆಯಲ್ಲಿ ಸಿಕ್ಕಿತು, ಅವನು ಐದನೆಯ ದಿನ ಸಿಕ್ಕ. 'ಹೊಳೆ ಕರಕೊಂಡ್ತು' ಎಂದಿತು ಊರು. ನಾಗಕ್ಕನೂ ಹಾಗೆಯೇ ನಂಬಿದಳು. ಸಿಟ್ಟನ್ನು ಯಾರ ಮೇಲಾದರೂ ಇಟ್ಟುಕೊಳ್ಳಬೇಕಲ್ಲ, ಅವಳು ಹೊಳೆಯ ಮೇಲೆ ಇಟ್ಟುಕೊಂಡಳು. ಮುಂದೆ ಹೊಸ ದೋಣಿ ಬಂದಾಗ ಹುಟ್ಟು ಹಿಡಿಯಲು ಬೇರೆ ಯಾರೂ ಮುಂದಾಗಲಿಲ್ಲ. ಅವಳೇ ಹಿಡಿದಳು.

ಈಗ ಈ ದೋಣಿಗೂ ನೀರು ಬರುತ್ತಿದೆ. ನಾಳೆ ಬೆಳಿಗ್ಗೆ ಮತ್ತೆ ಒಂಬತ್ತು ಜನ ಹತ್ತುತ್ತಾರೆ.

ಸಂಜೆ ಮಾವ ಕೆಂಚವೀರಪ್ಪನ ಮುಂದೆ ನಿಂತು ಹೇಳಿದಳು. "ಮಾವಾರ, ದೋಣಿ ಸೋರ್ತಾ ಐತೆ."

"ಮಳೆ ನೀರು ಕಣವ್ವಾ. ರಾತ್ರಿಯೆಲ್ಲ ಸುರೀತಲ್ಲ."

"ಮಳೆ ನೀರಾಗಿದ್ರೆ ಚೆಲ್ಲಿದ ಮ್ಯಾಲೆ ಮತ್ತ ಯಾಕ ಬರ್ತೈತೆ?"

"ಫೈಬರ್ ಅಂದ್ರ ಕಬ್ಬಿಣಕ್ಕಿಂತ ಗಟ್ಟಿ ಅಂತ ಕೊಟ್ಟೋರೇ ಹೇಳ್ಯಾರೆ. ಎರಡು ವರ್ಷಕ್ಕೆಲ್ಲ ಸೋರ್ತೈತಾ? ನಿನಗ ಭಯ ಹೊಕ್ಕೈತೆ, ಅಷ್ಟೇ."

ಭಯ ಹೊಕ್ಕಿದ್ದು ನಿಜ. ಆದರೆ ಭಯ ಪಾದವನ್ನು ನೆನೆಸುವುದಿಲ್ಲ. ಮರುದಿನ ನಾಗಕ್ಕ ದೋಣಿಯನ್ನು ದಂಡೆಯ ಗೂಟಕ್ಕೆ ಕಟ್ಟಿದಳು. "ಇವತ್ತು ಯಾರೂ ಹತ್ತಬ್ಯಾಡ್ರಿ" ಎಂದು ಹೆಂಗಸರಿಗೆ ಹೇಳಿ, ಬೈಗುಳ ತಿಂದು, ದಾವಣಗೆರೆ ಬಸ್ಸು ಹತ್ತಿದಳು.

ಮಂಡಿಪೇಟೆಯ ಅಂಗಡಿಯಲ್ಲಿ ಬಿರುಕಿಗೆ ಬಳಿಯಲು ಡಾಂಬರು ಕೇಳಿದಳು. ಅಂಗಡಿಯ ಕೊಟ್ಟೂರೇಶ್ ತಲೆ ಅಲ್ಲಾಡಿಸಿದ. "ಫೈಬರಿಗೆ ಡಾಂಬರು ನಿಲ್ಲಂಗಿಲ್ಲ ಅಕ್ಕಾರ. ಹಿಂದಿನ ಗಲ್ಲೀಲಿ ನುಜತ್ ಅಂತ ಅದಾರೆ, ಫೈಬರ್ ಬಾಗಿಲು, ನೀರಿನ ಟ್ಯಾಂಕು ಮಾಡ್ತಾರೆ. ಅವರನ್ನ ಕೇಳ್ರಿ."

ನುಜತ್ ಚೂಡಿದಾರದ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ಬಾಗಿಲೊಂದನ್ನು ಉಜ್ಜುತ್ತಿದ್ದಳು. ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ನಾಗಕ್ಕ ಹೇಳಿದ್ದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ದೋಣೀನ ಹೊಳೆಯಿಂದ ಮ್ಯಾಲಕ್ಕೆ ಹೆಂಗೆ ತರ್ತೀರಿ?"

"ಮ್ಯಾಲಿನ ಡ್ಯಾಮಿಂದ ನೀರು ಬಿಟ್ಟು ಹೊಳೆ ಏರಿದಾಗೆಲ್ಲ ಟ್ರೈಲರಿಗೆ ಏರಿಸಿ ಊರೊಳಗ ತರ್ತೀವಿ. ಇಳಿದ ಮ್ಯಾಲೆ ಮತ್ತ ಬಿಡ್ತೀವಿ."

"ತೇಪೆ ನಾನು ಹಾಕಿಕೊಡ್ತೀನಿ. ಆದ್ರ ಯಾವುದರಿಂದ ಒಡೀತಾ ಐತೆ ಅಂತ ಗೊತ್ತಾಗ್ದೆ ತೇಪೆ ಹಾಕಿದ್ರ ಅದೂ ಒಡೀತೈತೆ. ನೀವು ಏರಿಸೋದನ್ನ ನಾನು ನೋಡಬೇಕು."

ಮರುದಿನ ನುಜತ್ ಬಂದಳು. ನಾಗಕ್ಕನ ಮೈದುನ ಹಾಲಸ್ವಾಮಿ ಟ್ರ್ಯಾಕ್ಟರಿಗೆ ಟ್ರೈಲರ್ ಜೋಡಿಸಿ ದಂಡೆಗೆ ತಂದ. ಹಿಂದೆ ಊರಲ್ಲಿ ಚಪ್ಪಟೆ ತಳದ ಮರದ ದೋಣಿ ಇದ್ದಾಗ ಹರಿಹರದಲ್ಲಿ ಬೆಸುಗೆ ಹಾಕಿಸಿದ ಟ್ರೈಲರ್ ಅದು. ಉದ್ದಕ್ಕೆ ಎರಡು ಹಲಗೆ, ಹಿಂಬದಿಗೆ ಒಂದು ಕಬ್ಬಿಣದ ಅಡ್ಡಪಟ್ಟಿ. ಮರದ ದೋಣಿ ಹೋಗಿ ಫೈಬರ್ ದೋಣಿ ಬಂದಿತ್ತು. ಅದರ ತಳ ಚಪ್ಪಟೆಯಲ್ಲ, ನಡುವೆ ಬೆನ್ನುಮೂಳೆಯ ಹಾಗೆ ಏಣು ಇದೆ, ಎರಡೂ ಪಕ್ಕ ಇಳಿಜಾರು. ದೋಣಿ ಬದಲಾದರೂ ಟ್ರೈಲರಿನ ಒಂದು ಬೋಲ್ಟನ್ನೂ ಯಾರೂ ಸಡಿಲಿಸಿರಲಿಲ್ಲ.

ಕೆಂಚವೀರಪ್ಪ ಎಂದಿನಂತೆ ದಂಡೆಯ ಮೇಲೆ ನಿಂತು ಕೂಗಿದ. "ಮೂತಿ ಹೊಳೆ ಕಡೆಗಿರ್ಲಿ! ಹಿಂಭಾಗದಿಂದ ಎಳೀರಿ!"

ನುಜತ್ ನಾಗಕ್ಕನ ಕಿವಿಯಲ್ಲಿ ಕೇಳಿದಳು. "ಅಕ್ಕಾರ, ಹಿಂದುಮುಂದಾಗಿ ಯಾಕ ಏರಿಸ್ತಾರೆ?"

"ಗಂಗಮ್ಮಗೆ ಬೆನ್ನು ತೋರಿಸಬಾರದು. ಮೂತಿ ಹೊಳೆ ನೋಡ್ತಾನೇ ಇರಬೇಕು. ಹಿಂದಿನಿಂದ ಬಂದ ಪದ್ಧತಿ."

ನುಜತ್ ಚೌಡವ್ವನ ಮನೆಯಿಂದ ಒಂದು ಬಟ್ಟಲು ಸುಣ್ಣ ತರಿಸಿದಳು. ಗಟ್ಟಿಯಾಗಿ ಕಲಸಿ ಹಲಗೆಗಳಿಗೂ ಅಡ್ಡಪಟ್ಟಿಗೂ ಬಳಿದಳು. "ಈಗ ಯಾವಾಗ್ಲೂ ಏರಿಸಿದಂಗೆ ಏರಿಸ್ರಿ" ಎಂದಳು.

"ಇದೇನು, ಟ್ರೈಲರಿಗೆ ಮದುವೇನಾ?" ಎಂದ ಹಾಲಸ್ವಾಮಿ.

ಹಗ್ಗ ಕಟ್ಟಿ ಎಳೆದರು. ಟ್ರೈಲರ್ ಒಣ ಮರಳಿನ ಮೇಲೆ ನಿಂತಿತ್ತು. ದೋಣಿ ಉಜ್ಜುತ್ತಾ, ಕಿರುಗುಡುತ್ತಾ ಮೇಲೇರಿತು. ಆ ಸದ್ದನ್ನು ನಾಗಕ್ಕ ಎಷ್ಟೋ ಸಲ ಕೇಳಿದ್ದಳು. ಆದರೆ ಅಂದು ಮೊದಲ ಸಲ ಅದು ನೋವಿನ ಸದ್ದಿನಂತೆ ಕೇಳಿಸಿತು. ಆರು ಜನ ದೋಣಿಯನ್ನು ಟ್ರೈಲರಿನಿಂದ ಎತ್ತಿ ಹಳೆಯ ಟೈರುಗಳ ಮೇಲೆ ಬೋರಲು ಹಾಕಿದರು.

ತಳದ ಮೇಲೆ ಸುಣ್ಣದ ಗುರುತು ಮೂಡಿತ್ತು. ಹಲಗೆಗಳು ಹಿಂಭಾಗಕ್ಕೆ ಮಾತ್ರ ತಾಕಿದ್ದವು. ಉಳಿದ ಭಾರವೆಲ್ಲ ಅಡ್ಡಪಟ್ಟಿಯ ಮೇಲೆ. ಮೂತಿಯಿಂದ ಮೂರು ಮೊಳ ಹಿಂದೆ, ಸರಿಯಾಗಿ ಏಣಿನ ಮೇಲೆ, ಅಂಗೈಯಗಲ ಬಿಳಿ ಮಚ್ಚೆ. ನುಜತ್ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದಳು. ಕೆಳಗೆ ಕೂದಲೆಳೆಯಂಥ ಬಿರುಕು ಕಾಣಿಸಿತು.

"ಇಷ್ಟು ದೊಡ್ಡ ದೋಣಿ ಇಷ್ಟೇ ಜಾಗದ ಮ್ಯಾಲೆ ಕೂತೈತೆ ಅಜ್ಜಾರ. ಊರತನಕ ಹಳ್ಳ ದಿಣ್ಣೆ ಹಾರಿ ಬರುವಾಗ ಕಬ್ಬಿಣ ಇದೇ ಜಾಗಕ್ಕೆ ಗುದ್ದತೈತೆ. ಮೂತಿ ಟ್ರ್ಯಾಕ್ಟರ್ ಕಡೆಗಿದ್ರೆ, ಹಲಗೆ ತಳಕ್ಕೆ ಒಪ್ಪಿದ್ರೆ, ಹಿಂಗಾಗಲ್ಲ."

ಕೆಂಚವೀರಪ್ಪನ ಮುಖ ಬಿಗಿಯಿತು. "ನೀನು ಬಾಗಿಲು ಮಾಡೋಳು. ದೋಣಿ ಬಗ್ಗೆ ನನಗ ಹೇಳ್ತೀಯಾ? ನಮ್ಮಪ್ಪನ ಕಾಲದಿಂದ ಹಿಂಗೇ ಏರಿಸೀವಿ. ಒಂದು ದಿನ ಒಡೆದಿಲ್ಲ."

"ಆಗ ಮರದ ದೋಣಿ ಅಜ್ಜಾರ, ಚಪ್ಪಟೆ ತಳ. ಇದು ಬ್ಯಾರೆ."

"ಕಲ್ಲಿಗೆ ತಾಕಿರಬೇಕು! ಹೊಳೆಯಾಗ ಕಲ್ಲಿಲ್ಲೇನು?"

ಮಾವ ಇಷ್ಟೇಕೆ ಕೂಗಾಡುತ್ತಿದ್ದಾನೆ ಎಂದು ನಾಗಕ್ಕ ಅವನನ್ನೇ ನೋಡಿದಳು. ಆಗ ಅವಳಿಗೆ ನೆನಪಾಯಿತು, ಏಕಾಂತಪ್ಪನ ದೋಣಿಯನ್ನೂ ಇದೇ ಟ್ರೈಲರಿಗೆ ಹೀಗೇ ಏರಿಸುತ್ತಿದ್ದರು. ಅವಳು ಮನೆಯ ಹಿತ್ತಲಿನ ಕಡೆ ನಡೆದಳು. ನುಜತ್ ಹಿಂದೆ ಹೋದಳು. ಉಳಿದವರೂ ಹೋದರು.

ಬಣವೆಯ ಪಕ್ಕ ಏಕಾಂತಪ್ಪನ ದೋಣಿ ಬೋರಲು ಬಿದ್ದಿತ್ತು. ಮಳೆಗೆ ನೆನೆಯದಿರಲೆಂದು ಅದರ ಕೆಳಗೆ ಒಲೆಯ ಕುಳ್ಳು ಒಟ್ಟಿದ್ದರು. ಎರಡು ವರ್ಷದಿಂದ ಕುಳ್ಳು ತೆಗೆಯಲು ಬಂದಾಗಲೂ ನಾಗಕ್ಕ ಅದರ ಮೇಲ್ಮೈಯನ್ನು ಕಣ್ಣೆತ್ತಿ ನೋಡಿದವಳಲ್ಲ. ಈಗ ಸೆರಗಿನಿಂದ ಅದರ ಮೇಲಿನ ಕೆಸರನ್ನು, ಕೋಳಿಯ ಹಿಕ್ಕೆಯನ್ನು ಒರೆಸಿದಳು. ಮೂತಿಯಿಂದ ಅಳೆದಳು. ಒಂದು ಮೊಳ. ಎರಡು. ಮೂರು.

ಬೆರಳು ಒಳಗೆ ಹೋಯಿತು.

ಅಲ್ಲಿ ಬಿರುಕಲ್ಲ, ಸೀಳೇ ಇತ್ತು. ಅದರ ಅಂಚು ಒಳಗಡೆಗೆ ಮಡಿಚಿಕೊಂಡಿತ್ತು, ಕೆಳಗಿನಿಂದ ಏನೋ ಗುದ್ದಿದ ಹಾಗೆ. ಸುತ್ತ ಕಬ್ಬಿಣದ ತುಕ್ಕು ಹಿಡಿದ ಗೀರುಗಳು.

ಚೌಡವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕೆಂಚವೀರಪ್ಪ ನಿಧಾನಕ್ಕೆ ಬಂದು ಆ ಸೀಳಿನ ಮೇಲೆ ಕೈಯಿಟ್ಟ.

"ಹಂಗಾದ್ರ ಹೊಳೆ ಅಲ್ಲ" ಎಂದ.

ಸೀಳಿನ ಅಂಚನ್ನು ಬೆರಳಿಂದ ಸವರುತ್ತಾ ಮುಂದುವರಿಸಿದ.

"ನಾನೇ ನಿಂತು ಏರಿಸ್ತಿದ್ದೆ. ಪ್ರತೀ ಸಲ. ಅವನು ಒಂದಿನ ಅಂದಿದ್ದ, 'ಅಪ್ಪಾ, ತಳ ಸದ್ದು ಮಾಡ್ತೈತೆ' ಅಂತ. ನಿನಗ ಕಿವಿ ಜಾಸ್ತಿ ಆಗೈತೆ ಹೋಗಲೇ ಅಂದಿದ್ದೆ."

'ನಿಮ್ಮ ತಪ್ಪಲ್ಲ ಮಾವಾರ' ಎನ್ನಬೇಕು ಅನ್ನಿಸಿತು ನಾಗಕ್ಕನಿಗೆ. ಆದರೆ ಅನ್ನಲಾಗಲಿಲ್ಲ. ಎರಡು ವರ್ಷ ಅವಳು ಹೊಳೆಯನ್ನು ಬೈದಿದ್ದಳು. ಹೊಳೆಯನ್ನು ಎಷ್ಟು ಬೈದರೂ ಅದು ಹರಿದು ಹೋಗುತ್ತದೆ. ಒಂದೇ ಮನೆಯಲ್ಲಿ ಉಂಡು ಮಲಗುವ ಈ ಮುದುಕನನ್ನು ಬೈದು ಏನು ಮಾಡುವುದು? ಅವನಿಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಲು ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು. ಅವಳೂ ಬಗ್ಗಿ ನೋಡಿರಲಿಲ್ಲ.

ಕೆಂಚವೀರಪ್ಪ ಕಣ್ಣೊರೆಸಿಕೊಳ್ಳಲೂ ಇಲ್ಲ. ನುಜತ್ ಕಡೆ ತಿರುಗಿದ. "ಹೇಳವ್ವಾ, ಯಾವ ಬೋಲ್ಟು ಬಿಚ್ಚಬೇಕು?"

ಮಧ್ಯಾಹ್ನವೆಲ್ಲ ಕೆಲಸ ನಡೆಯಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಹಾಲಸ್ವಾಮಿ ಪಾನಾ ಹಾಕಿ ತಿರುಗಿಸಿದ. ಅಡ್ಡಪಟ್ಟಿಯನ್ನು ನಾಲ್ಕು ಬೆರಳು ಕೆಳಗಿಳಿಸಿ, ಏಣು ಇಳಿಯುವ ಜಾಗಕ್ಕೆ ಉರುಳುವ ರಬ್ಬರ್ ರೋಲರ್ ಕೂಡಿಸಿದರು. ಎರಡು ಹಲಗೆಗಳನ್ನು ತಳದ ಇಳಿಜಾರಿಗೆ ಒಪ್ಪುವಂತೆ ಓರೆ ಮಾಡಿ ಬಿಗಿದರು. ಹಲಗೆಗೆ ಮೇಲಿನಿಂದ ಮೊಳೆ ಹೊಡೆದು ಹಾಕಿದ್ದ ಟೈರಿನ ತುಂಡುಗಳನ್ನು ಕಿತ್ತು, ದಪ್ಪ ಜಮಖಾನ ಸುತ್ತಿ ಪಕ್ಕದಲ್ಲಿ ಮೊಳೆ ಹೊಡೆದರು. ಮೊಳೆಯ ತಲೆ ದೋಣಿಗೆ ತಾಕಬಾರದಲ್ಲ. ಮೂತಿ ಬಂದು ಒರಗುವ ಕಡೆ ರಬ್ಬರ್ ಸುತ್ತಿದ ಕಂಬ ನಿಲ್ಲಿಸಿದರು. ದೋಣಿಯ ಹಿಂಭಾಗ ಹಲಗೆಯ ಆಚೆ ಜೋತುಬೀಳದಂತೆ ಆ ಕಂಬವನ್ನು ಸರಿಸಿದರು. ಕೆಂಚವೀರಪ್ಪ ಕೂತು ಒಂದೊಂದೇ ವಾಷರು ಒರೆಸಿ ಕೊಟ್ಟ.

ನುಜತ್ ಬಿರುಕನ್ನು ಉಜ್ಜಿ ಒಳಗೂ ಹೊರಗೂ ಫೈಬರ್ ಪದರ ಹಾಕಿದಳು. ನಾಲ್ಕು ದಿನ ಒಣಗಲು ಬಿಟ್ಟರು. ಹೆಂಗಸರು ಎರಡು ಬಸ್ಸು ಹಿಡಿದು ಗದ್ದೆಗೆ ಹೋದರು, ಬೈಯಲಿಲ್ಲ. ಐದನೆಯ ದಿನ ಮತ್ತೆ ಸುಣ್ಣ ಬಳಿದು ದೋಣಿಯನ್ನು ಕೈಯಲ್ಲೇ ಎತ್ತಿ ಟ್ರೈಲರಿನ ಮೇಲಿಟ್ಟು ತೆಗೆದರು. ಈ ಸಲ ತಳದ ಎರಡೂ ಪಕ್ಕ ಉದ್ದಕ್ಕೂ ಬಿಳಿ ಪಟ್ಟೆ ಮೂಡಿತು.

ಆಮೇಲೆ ದೋಣಿಯನ್ನು ನೀರಿಗೆ ಬಿಟ್ಟು, ಮೂತಿ ಮುಂದಾಗಿ ಮತ್ತೆ ಏರಿಸುವಾಗ ಹಾಲಸ್ವಾಮಿ ಟ್ರೈಲರಿನ ಗಾಲಿ ಮುಳುಗುವವರೆಗೆ ಹೊಳೆಗೆ ಇಳಿಸಿದ. ದೋಣಿ ತೇಲುತ್ತಲೇ ಬಂದು ಹಲಗೆಯ ಮೇಲೆ ಕೂತಿತು. ಉಜ್ಜುವ ಸದ್ದಿಲ್ಲ.

"ಗಂಗಮ್ಮಗೆ ಬೆನ್ನು ಆಯ್ತಲ್ಲ" ಎಂದ ಒಬ್ಬ ಮುದುಕ.

"ಗಂಗಮ್ಮ ಏನು ಅಷ್ಟು ಸಣ್ಣ ಮನಸಿನಾಕೀನಾ?" ಎಂದಳು ಚೌಡವ್ವ. "ಮ್ಯಾಲೆ ಬಂದ ಮ್ಯಾಲೆ ಟ್ರ್ಯಾಕ್ಟರ್ ತಿರುಗಿಸಿ, ಮೂತಿ ಹೊಳೆ ಕಡೆ ಮಾಡಿ ಕೈ ಮುಗೀರಿ. ಆಮ್ಯಾಲೆ ಹೋಗ್ರಿ."

ಹಾಲಸ್ವಾಮಿ ಹಾಗೆಯೇ ಮಾಡಿದ. ಎಲ್ಲರೂ ಕೈ ಮುಗಿದರು. ಕೆಂಚವೀರಪ್ಪ ಮಾತ್ರ ಹೊಳೆಯ ಕಡೆ ನೋಡಲಿಲ್ಲ. ದೋಣಿಯ ಕೆಳಗೆ ಬಗ್ಗಿ, ಹಲಗೆಗೂ ತಳಕ್ಕೂ ನಡುವೆ ಕೈಯಾಡಿಸುತ್ತಿದ್ದ. ಸಂದು ಸಿಗಲಿಲ್ಲ. ಆದರೂ ಎದ್ದೇಳಲಿಲ್ಲ. ನಾಗಕ್ಕ ಹೋಗಿ ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಅಷ್ಟು ಮಾತ್ರ ಅವಳಿಂದಾಯಿತು.

ಈಗ ಆ ಊರಿನ ಹೆಂಗಸರು ಒಣಗಿದ ಪಾದದಲ್ಲಿ ಹೊಳೆ ದಾಟುತ್ತಾರೆ. ನಾಗಕ್ಕನೇ ಹುಟ್ಟು ಹಾಕುತ್ತಾಳೆ. ನಡುಹೊಳೆಗೆ ಬಂದಾಗ ಒಮ್ಮೆ ಬಗ್ಗಿ ತಳ ಮುಟ್ಟಿ ನೋಡುತ್ತಾಳೆ.

ಹೊಳೆದಂಡೆಯಲ್ಲೋ ಕೆರೆಯಂಗಳದಲ್ಲೋ ಇದನ್ನು ಓದುತ್ತಿರುವವರೇ, ನಿಮ್ಮೂರಲ್ಲೂ ದೋಣಿ ಇರಬಹುದು. ಟ್ರೈಲರ್ ಆ ದೋಣಿಗೆಂದೇ ಹೊಂದಿಸಿದ್ದೋ, ಹಳೆಯದಕ್ಕೆ ಮಾಡಿಸಿದ್ದೋ ಕೇಳಿ ತಿಳಿದುಕೊಳ್ಳಿ. ಮೂತಿ ಮುಂದಾಗಿ ಏರಿಸಿ. ಒಣ ನೆಲದಲ್ಲಿ ಎಳೆಯಬೇಡಿ, ನೀರೇ ದೋಣಿಯನ್ನು ಎತ್ತಿಕೊಡಲಿ. ಏಣು ರಬ್ಬರಿನ ಮೇಲೆ, ಎರಡೂ ಪಕ್ಕ ಹಲಗೆಯ ಮೇಲೆ ಉದ್ದಕ್ಕೂ ಕೂರಲಿ. ಅನುಮಾನವಿದ್ದರೆ ಒಂದು ಬಟ್ಟಲು ಸುಣ್ಣ ಸಾಕು, ಭಾರ ಎಲ್ಲಿ ಬೀಳುತ್ತಿದೆ ಎಂದು ಅದೇ ತೋರಿಸುತ್ತದೆ. ತಳ ಸದ್ದು ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಬಾಯಿ ಮುಚ್ಚಿಸಬೇಡಿ. ಪಾದ ಒದ್ದೆಯಾದರೆ ಅಂದು ಯಾರನ್ನೂ ಹತ್ತಿಸಬೇಡಿ.

ಏಕಾಂತಪ್ಪನ ದೋಣಿಯ ಅಡಿಗೆ ಯಾರೂ ಬಗ್ಗಿ ನೋಡಿರಲಿಲ್ಲ. ನಿಮ್ಮ ದೋಣಿಯ ಅಡಿಗೆ ಇವತ್ತೇ ನೀವು ಬಗ್ಗಿ ನೋಡಿ.