ಚಂದ್ರನಿಗೆ ಕೊಟ್ಟ ಹಸಿರು ನೂಲು

ಬಹಳ ಹಿಂದೆ, ಮನುಷ್ಯರು ಆನೆಗಳನ್ನು ದಾರಿ ಕೇಳಿಕೊಂಡು ನಡೆಯುತ್ತಿದ್ದ ಕಾಲದಲ್ಲಿ, ಚಂದ್ರನ ಮೇಲೆ ಒಬ್ಬ ಮುದುಕಿ ಇದ್ದಳಂತೆ. ಅವಳಿಗೊಂದು ಮಗ್ಗ, ಕಾಲ ಬಳಿ ಒಂದು ಮೊಲ. ಬಿದಿಗೆಯ ಸಂಜೆ ಭೂಮಿಯ ಹೆಂಗಸರು ಸೀರೆಯಿಂದ ಒಂದೆಳೆ ಕಿತ್ತು, 'ಹಳೇದು ತಕೊ, ಹೊಸದು ಕೊಡು' ಎಂದು ಊದಿಬಿಟ್ಟರೆ ಆ ಎಳೆ ನೆಟ್ಟಗೆ ಅವಳ ಮಡಿಲಿಗೆ ಹೋಗಿ ಬೀಳುತ್ತಿತ್ತಂತೆ. ಮುದುಕಿ ಒಂದೆಳೆಯನ್ನೂ ಕಳೆಯುತ್ತಿರಲಿಲ್ಲ. ಕೂಡಿಸಿ ಕೂಡಿಸಿ ನೇಯುತ್ತಿದ್ದಳು. ಭೂಮಿಯಲ್ಲಿ ಉಡಲು ಇಲ್ಲದೆ ಹೋದವರಿಗೆ ಅಲ್ಲಿ ಉಡಿಸುತ್ತಿದ್ದಳು.

ಮಸಿನಗುಡಿಯ ಸಿದ್ದಾಜಮ್ಮ ಮಗಳ ಮಗಳು ಅಭಿನಯಾಳಿಗೆ ಈ ಕಥೆಯನ್ನು ಎಷ್ಟು ಸಲ ಹೇಳಿದ್ದಳೋ. ಉಡಲು ಇಲ್ಲದೆ ಹೋದವರ ಮಾತು ಮಾತ್ರ ಮೊದಲು ಕಥೆಯಲ್ಲಿರಲಿಲ್ಲ. ಅದು ಸೇರಿದ್ದು ಅಭಿನಯಾಳ ತಾಯಿ ವೀಣಾ ಸತ್ತ ಮೇಲೆ.

ಕೊರೋನಾದ ಎರಡನೆಯ ಅಲೆಯ ಮೇ ತಿಂಗಳು. ಕೊಯಮತ್ತೂರಿನ ಆಸ್ಪತ್ರೆಯಿಂದ ವೀಣಾ ಫೋನು ಮಾಡಿ, ಉಸಿರು ಸಿಕ್ಕಷ್ಟರಲ್ಲೇ ತಮಾಷೆ ಮಾಡಿದ್ದಳು.

"ಅವ್ವಾ, ಹುಷಾರಾಗಿ ಬಂದ್ರ ನಂಗೊಂದು ಹಸ್ರು ಸೀರ ಕೊಡ್ಸೀಯಾ?"

"ಉಡಿಸ್ತೀನಿ ಕನ ಮಗ. ನನ್ ಕೈಯಾರ ಉಡಿಸ್ತೀನಿ."

ಮೂರು ದಿನಕ್ಕೆ ವೀಣಾ ಹೋದಳು. ಮದುವೆಯಾದ ಹೆಣ್ಣು ಸತ್ತರೆ ತವರಿನ ಸೀರೆ ಹೊದಿಸದೆ ಮಣ್ಣು ಹಾಕುವಂತಿಲ್ಲ. ಅವರಲ್ಲಿ ಅದು ಬಿಡದ ಪದ್ಧತಿ. ಪರಿಚಯದ ಅಂಗಡಿಯವರು ಹಿಂಬಾಗಿಲಿನಿಂದ ಹಸಿರು ಸೀರೆಯೇನೋ ಕೊಟ್ಟರು. ಆದರೆ ಘಾಟಿ ಇಳಿಯಲು ಪಾಸು ಸಿಗಲಿಲ್ಲ. ವೀಣಾ ಪ್ಲಾಸ್ಟಿಕ್ ಚೀಲದಲ್ಲಿ ಹೋದಳು. ಮನೆಗೆ ಬಂದದ್ದು ಒಂದು ಫೋಟೋ: ಕೆಂಪು ಮಣ್ಣಿನಲ್ಲಿ ಸಾಲು ಗುಂಡಿಗಳು. ಯಾವುದು ಅವಳದೆಂದು ಕಳಿಸಿದವರಿಗೂ ತಿಳಿಯದು.

ಅಂದಿನಿಂದ ಪ್ರತಿ ಬಿದಿಗೆಗೂ ಸಿದ್ದಾಜಮ್ಮ ಆ ಹಸಿರು ಸೀರೆಯ ತುದಿಯಿಂದಲೇ ಒಂದೆಳೆ ಕಿತ್ತು ಚಂದ್ರನ ಕಡೆಗೆ ಊದುತ್ತಿದ್ದಳು. ಮೋಡ ಕವಿದಿದ್ದರೆ ಮೋಡದ ಕಡೆಗೆ. ಐವತ್ತೊಂದು ಎಳೆ ಹೋದ ಮೇಲೆ ಊಟಿಯ ಕಣ್ಣಿನ ಡಾಕ್ಟರು, ನರ ಒಣಗಿದೆ, ಉಳಿದ ನೋಟವೂ ಇನ್ನು ಕೆಲವೇ ವಾರ, ಮಾಡುವಂಥದ್ದು ಏನೂ ಇಲ್ಲ ಎಂದರು. ಆಗಲೇ ಅವಳಿಗೆ ಕಾಣುತ್ತಿದ್ದುದು ಊದುಗೊಳವೆಯ ತೂತಿನಲ್ಲಿ ಕಂಡಷ್ಟು. ನಡುವೆ ಒಂದು ಚೂರು ಬೆಳಕು, ಸುತ್ತ ಕತ್ತಲೆ.

ಊಟಿಯಿಂದ ಮರಳುವ ಬಸ್ಸು ಕಲ್ಲಟ್ಟಿಯ ತಿರುವುಗಳನ್ನು ಇಳಿಯುವಾಗ ಅವಳು ಮೊಮ್ಮಗಳ ಮೊಣಕೈ ಹಿಡಿದಳು.

"ಅಭೀ, ನಿನ್ ಫೋನ್ಲಿ ಚಂದ್ರನ್ ಮೇಲಿಂದು ಪಟ ಬತ್ತದಲ್ವಾ?"

"ಬತ್ತದಜ್ಜಿ."

"ಸೀರ ಎಷ್ಟುದ್ದ ಆಗದ ಅಂತ ಒಂದ್ಸಲ ತೋರ್ಸುಬುಡು. ಕಣ್ಣೋಗೋ ಮೊದ್ಲು."

"ತೋರುಸ್ತೀನಿ" ಎಂದುಬಿಟ್ಟಳು ಅಭಿನಯಾ.

ಅಭಿನಯಾಳಿಗೆ ಕೆಲಸ ಗೂಡಲೂರಿನ ಫ್ಲೆಕ್ಸ್ ಅಂಗಡಿಯಲ್ಲಿ. ಸತ್ತವರ ಮುಖದ ಸುತ್ತ ಹೂವಿನ ಹಾರ ಜೋಡಿಸಿ, ಮೇಲೆ ತಮಿಳಿನಲ್ಲಿ 'ಕಣ್ಣೀರ್ ಅಂಜಲಿ' ಎಂದು ಬರೆಯುವುದೇ ಹೆಚ್ಚು. ಬಿಡುವಿದ್ದಾಗ ಅದೇ ಕಂಪ್ಯೂಟರಿನಲ್ಲಿ ಗಗನನೌಕೆಗಳು ಕಳಿಸಿದ ಚಿತ್ರಗಳನ್ನು ನೋಡುತ್ತ ಕೂರುವಳು. ಎಸರಿನಂತೆ ಕುದಿಯುವ ಸೂರ್ಯ, ಶನಿಯ ಬಳೆಗಳು, ಮಂಗಳನ ಕೆಂಪು ದಿಬ್ಬಗಳು. ಪ್ರತಿಯೊಂದೂ ಅಜ್ಜಿಯ ಯಾವುದೋ ಕಥೆ ನಡೆದ ಜಾಗದಂತಿರುತ್ತಿತ್ತು. ಆದರೆ ಯಾವುದರಲ್ಲೂ ಒಂದು ನರಪಿಳ್ಳೆ ಇರುತ್ತಿರಲಿಲ್ಲ.

ನಮ್ಮ ಚಂದ್ರನ ಚಿತ್ರ ತೆರೆದಳು. ಬೂದು ಬಣ್ಣದ ದೂಳು, ಗುಂಡಿಗಳು. ಮುಚ್ಚಿದಳು. ಹುಡುಕುತ್ತ ಹೋದಾಗ ಗುರುಗ್ರಹದ ಒಂದು ಚಂದ್ರ ಸಿಕ್ಕಿತು, ಯುರೋಪಾ ಎಂಬುದು. ಬಿಳಿಯ ಮಂಜುಗಡ್ಡೆಯ ಮೇಲೆಲ್ಲ ಕಂದುಗೆಂಪು ಗೆರೆಗಳು, ಯಾರೋ ನೂಲಿನ ಲಡಿ ಬಿಚ್ಚಿ ಚೆಲ್ಲಿದ ಹಾಗೆ. ಗೆರೆಗಳನ್ನು ಹಸಿರು ಮಾಡುವುದು ಅವಳಿಗೆ ನಿಮಿಷದ ಕೆಲಸ. ಆದರೆ ಅಷ್ಟು ದೊಡ್ಡ ಸುಳ್ಳಿಗೆ ಕೈ ಬರಲಿಲ್ಲ. ಅಜ್ಜಿಗೆ ಬಣ್ಣ ಎಲ್ಲಿ ತಿಳಿಯುತ್ತದೆ ಎಂದುಕೊಂಡು ಹಾಗೇ ಪ್ರಿಂಟಿಗೆ ಹಾಕಿದಳು.

ಅಂಗಡಿಯ ಜಯರಾಮನ್ ಬಗ್ಗಿ ನೋಡಿದ. "ಏನಮ್ಮಾ ಇದು, ಹೆಸ್ರಿಲ್ಲ, ತೇದಿ ಇಲ್ಲ. ಚಂದ್ರನಿಗೂ ಕಣ್ಣೀರ್ ಅಂಜಲಿಯಾ?"

"ನಮ್ಮಜ್ಜಿಗೆ ಅಣ್ಣಾ."

"ಐಯೋ, ಪಾಟಿ ಹೋಗಿಬಿಟ್ರಾ?"

"ಇಲ್ಲಣ್ಣಾ, ಅವ್ರೆ. ನೋಡಾಕೆ ಬೇಕಂತೆ."

"ಬದ್ಕಿರೋರಿಗೆ ಪ್ರಿಂಟ್ ಹಾಕಿ ಎಷ್ಟು ದಿನ ಆಯ್ತಮ್ಮಾ!" ಎಂದು ನಕ್ಕ.

ಭಾನುವಾರ ಬಿಸಿಲೇರುವ ಹೊತ್ತಿಗೆ ಅಂಗಳದಲ್ಲಿ ಫ್ಲೆಕ್ಸ್ ಹಾಸಿದಳು. ಸಿದ್ದಾಜಮ್ಮ ಅದರ ಮೇಲೆ ಮಂಡಿಯೂರಿ, ಮೂಗು ತಾಗುವಷ್ಟು ಬಗ್ಗಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಗೇಣುಗೇಣಾಗಿ ನೋಡುತ್ತ ಹೋದಳು.

"ಎಳೆ!" ಎಂದು ಕೂಗಿಕೊಂಡಳು. "ಅಯ್ಯೋ ನನ್ ಕೂಸೇ, ಎಳೆ ಕಾಣ್ತದ!"

ಅಭಿನಯಾ ಉಸಿರು ಬಿಟ್ಟಳು. ಅಜ್ಜಿ ಇನ್ನೂ ಎರಡು ಗೇಣು ಮುಂದೆ ಹೋಗಿ ನಿಂತುಬಿಟ್ಟಳು.

"ಇದು ಕೆಂಪು."

"ಬಿಸ್ಲಿಗೆ ಬಣ್ಣ ಹೋಗಿರ್ಬೋದಜ್ಜಿ."

"ಬಿಸ್ಲಿಗೆ ಹಸ್ರು ಬೆಳ್ಳಗಾಯ್ತದ. ಕೆಂಪಗಾಯ್ತದಾ? ಮೊಲ ಎಲ್ಲಿ?"

ಅಭಿನಯಾ ಫ್ಲೆಕ್ಸಿನ ಅಂಚು ನೇರಮಾಡಿದಳು.

"ಎಪ್ಪತ್ತು ವರ್ಷದಿಂದ ಅವನ್ ಮುಖ ನೋಡ್ತಿವ್ನಿ. ಇದು ನಮ್ಮವನಲ್ಲ. ಯಾರುದ್ದು ಹೇಳು."

"ಗುರುಗ್ರಹದ್ದು ಅಜ್ಜಿ. ಅದುಕ್ಕ ತೊಂಬತ್ತಕ್ಕಿಂತ ಜಾಸ್ತಿ ಚಂದ್ರ ಅವ."

"ತೊಂಬತ್ತಾ! ಅಷ್ಟುಕ್ಕೂ ನೂಲು ಕೊಟ್ರ ಅಲ್ಲಿನ್ ಹೆಂಗುಸ್ರು ಮೈಮೇಲ ಏನುಳ್ದದು?" ಎಂದು ಒಂದು ಕ್ಷಣ ನಕ್ಕಳು. ಆಮೇಲೆ ಆ ಕೆಂಪು ಗೆರೆಯನ್ನು ಸವರಿದಳು. "ಇದು ಬ್ಯಾರೆ ಯಾರ್ದೋ ತವರಿನ ನೂಲು. ಅವ್ರುದು ಸೇರ್ಬುಟ್ಟದ. ನಮ್ದು ತೋರ್ಸು."

ಬೇರೆ ದಾರಿಯಿರಲಿಲ್ಲ. ಅಭಿನಯಾ ಫೋನಿನಲ್ಲಿ ನಮ್ಮ ಚಂದ್ರನನ್ನು ತೆರೆದು ಅವಳ ಕಣ್ಣಿಗೆ ಹಿಡಿದಳು.

"ಬೂದಿ" ಎಂದಳು ಅಜ್ಜಿ.

"ಹೂಂ."

"ಮುದುಕಿ?"

"ಯಾರೂ ಇಲ್ಲಜ್ಜಿ."

ಸಿದ್ದಾಜಮ್ಮ ಬಹಳ ಹೊತ್ತು ನೋಡಿದಳು. ಕೊಯಮತ್ತೂರಿನ ಫೋಟೋವನ್ನೂ ಅವಳು ಹೀಗೆಯೇ ನೋಡಿದ್ದಳು.

"ಇಷ್ಟೊಂದು ಗುಂಡಿಲಿ ನಮ್ ವೀಣಂದ್ಯಾವುದು ಮಗ?"

ಮುಂದಿನ ಬಿದಿಗೆಗೆ ಅವಳು ಎಳೆ ಕೀಳಲಿಲ್ಲ. ಅದಾದ ಮರುವಾರ, ಬಿಸಿಲು ನೆತ್ತಿಗೇರಿದ ಮೇಲೆ, ಜಗುಲಿಯಲ್ಲಿ ಕೂತು "ಇನ್ನೂ ಬೆಳಕಾಗಿಲ್ವಾ ಅಭೀ?" ಎಂದು ಕೇಳಿದಳು. ಮೊಮ್ಮಗಳು ಬಂದು ಕೈ ಹಿಡಿದಾಗ ಅವಳಿಗೇ ತಿಳಿಯಿತು. ಎದ್ದು, ಗೋಡೆ ಹಿಡಿದು ಒಳಗೆ ಹೋಗಿ, ಟ್ರಂಕಿನಿಂದ ಹಸಿರು ಸೀರೆ ತಂದಳು.

"ನೇಯೋರಿಲ್ದಿದ್ ಮೇಲ ಎಳೆ ಕಳ್ಸಿ ಏನ್ಬಂತು. ಇರೋದ್ನ ಇದ್ದಂಗೇ ಹೊದಿಸ್ಬುಡಮ. ಆ ಚಂದ್ರನ್ ಗುಂಡಿ ಪಟ ದೊಡ್ದು ಮಾಡ್ಸ್ಕಂಡು ಬಾ."

ಮರುದಿನ ಅಂಗಡಿಯಲ್ಲಿ ಹತ್ತಡಿಯ ಬೂದು ಚಂದ್ರ ಯಂತ್ರದಿಂದ ಇಂಚಿಂಚಾಗಿ ಹೊರಬರುವಾಗ ಜಯರಾಮನ್ ಅಭಿನಯಾಳ ಮುಖ ನೋಡಿ, ಟೀ ತರಿಸಿಕೊಟ್ಟ.

ಈಗ ಅಂಗಳದಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಹಾಸಿದ್ದರೂ ಅಜ್ಜಿಗೆ ತಿಳಿಯುತ್ತಿರಲಿಲ್ಲ. ಅಭಿನಯಾ ಚಂದ್ರನನ್ನೇ ಹಾಸಿದಳು. ಸಿದ್ದಾಜಮ್ಮ ಅಂಗೈಯಿಂದ ತಡವಿದಳು.

"ಗುಂಡಿನೇ ಸಿಗ್ತಿಲ್ವಲ್ಲ."

"ಪಟ ಅಲ್ವಾ ಅಜ್ಜಿ."

"ನೀನೇ ತೋರ್ಸು."

ಸಾವಿರ ಗುಂಡಿಗಳು. ಅಭಿನಯಾ ಮೊಲದ ಕಿವಿಯ ಹತ್ತಿರ, ದೊಡ್ಡದೂ ಅಲ್ಲದ ಚಿಕ್ಕದೂ ಅಲ್ಲದ ಒಂದನ್ನು ಆರಿಸಿ ಅಜ್ಜಿಯ ಬೆರಳನ್ನು ಅದರ ಮೇಲಿಟ್ಟಳು.

"ಇದೇನಾ?"

"ಇದೇ."

ಸಿದ್ದಾಜಮ್ಮ ಎರಡನೆಯ ಸಲ ಕೇಳಲಿಲ್ಲ. ಇಬ್ಬರೂ ಸೀರೆಯ ಮಡಿಕೆ ಬಿಚ್ಚಿದರು. ಎಳೆ ಕಿತ್ತು ಜುಂಜಾಗಿದ್ದ ತುದಿಯನ್ನು ಕಾಲಿನ ಕಡೆಗೆ ಬಿಟ್ಟು, ಪದ್ಧತಿಯಂತೆ ಕೆಳಗಿನಿಂದ ಮೇಲಕ್ಕೆ ಹೊದಿಸುತ್ತ ಬಂದರು. ಸುಕ್ಕು ಕಂಡಲ್ಲಿ ಅಭಿನಯಾ ಹೇಳಿದಳು, ಅಜ್ಜಿ ಸವರಿ ಸರಿಮಾಡಿದಳು. ಕೊನೆಗೆ ಸೆರಗನ್ನು ಎಳೆದು ಮುಖದ ಜಾಗ ಮುಚ್ಚಿದಳು.

"ಉಡಿಸ್ದೆ ಕನ ಮಗ" ಎಂದಳು.