ಗೆದ್ದವರು ಎಡಗಡೆ

ಹೊಡೆದಾಟದ ವಿಡಿಯೊ ಆಟಗಳ ಕಾಲ ಮುಗಿಯಿತು ಎಂದು ಕಂಡಕಂಡವರೆಲ್ಲ ಹೇಳುತ್ತಿದ್ದ ವರ್ಷಗಳಲ್ಲೂ ಚಿಲ್ಲರೆ ಮಾವ ತನ್ನ ನೆಲಮಾಳಿಗೆಯ ಬಾಗಿಲನ್ನು ಸಂಜೆ ತಪ್ಪದೆ ತೆರೆಯುತ್ತಿದ್ದ. ನೋಟು ಮುರಿದು ಚಿಲ್ಲರೆ ಕೊಟ್ಟೂ ಕೊಟ್ಟೂ ಆ ಹೆಸರು ಬಿದ್ದಿತ್ತು. ಒಂದು ಕಾಲದಲ್ಲಿ ಅಲ್ಲಿ ಮೆಟ್ಟಿಲ ಮೇಲೂ ಜನ. ಯಂತ್ರದ ಗಾಜಿನ ಅಂಚಿನಲ್ಲಿ ನಾಣ್ಯ ಇಟ್ಟರೆ ಮುಂದಿನ ಸರದಿ ನಿಮ್ಮದು. ಆ ಅಂಚಿನಲ್ಲಿ ನಾಣ್ಯ ಇಡಲು ಜಾಗವೇ ಇರುತ್ತಿರಲಿಲ್ಲ. ಆಮೇಲೆ ಆಟದ ಪೆಟ್ಟಿಗೆ ಮನೆಮನೆಗೆ ಬಂತು, ಹೊಸ ಹೊಡೆದಾಟದ ಆಟ ಮಾಡುವುದನ್ನೇ ಕಂಪನಿಗಳು ಕೈಬಿಟ್ಟವು, ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಒಂದೊಂದೇ ಯಂತ್ರ ಗುಜರಿಗೆ ಹೋಗಿ, ಇಬ್ಬರು ಪಕ್ಕಪಕ್ಕ ಕೂತು ಗುದ್ದಾಡುವ ಹಳೆಯ ಆಟವೊಂದು ಉಳಿಯಿತು. ಆಡುವವರೂ ನಾಲ್ಕೇ ಜನ: ಬಸ್ ಕಂಡಕ್ಟರ್, ಕ್ಷೌರದಂಗಡಿಯವನು, ಮಾವ, ಮತ್ತು ಮಾವನ ಹೆಂಡತಿಯ ತಂಗಿ. ಈ ನಾದಿನಿ ಎದುರು ಸಾಲಿನಲ್ಲಿ ಟೈಲರ್.

"ಸತ್ತ ಆಟಕ್ಕೆ ಸಂಬಳ ಇಲ್ಲದ ಕಾವಲುಗಾರ ನೀವು. ಸಾಲ್ದು ಅಂತ ನನ್ನ ತಂಗೀನೂ ಕೆಡಿಸಿದ್ರಿ," ಎಂದು ಹೆಂಡತಿ ಮಾವನನ್ನು ದಿನಾ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

ಕೆಡಿಸಿದ್ದು ನಿಜವೇ. ನಾದಿನಿಯ ಕೈ ಎಂದರೆ ಕೈ! ತಪ್ಪಿ ಯಾರಾದರೂ ಹೊಸಬರು ಮೆಟ್ಟಿಲಿಳಿದು ಬಂದರೆ ಅವಳು ಮಣ್ಣು ಮುಕ್ಕಿಸಿ ಕಳಿಸುತ್ತಿದ್ದಳು. ಅವರು ಮತ್ತೆ ಇತ್ತ ತಲೆ ಹಾಕುತ್ತಿರಲಿಲ್ಲ. ಅಷ್ಟರಲ್ಲಿ ಎಡಗಡೆಯ ಆಟದ ಕೋಲು, ಅಂದರೆ ಜಾಯ್‌ಸ್ಟಿಕ್, ಕೆಟ್ಟಿತು. ಕೆಳಗೆ ಎಳೆದರೆ ತೆರೆಯ ಮೇಲಿನ ಮಲ್ಲ ಬಗ್ಗುವುದೇ ಇಲ್ಲ. ಬಗ್ಗದಿದ್ದರೆ ಕಾಲಿಗೆ ಬೀಳುವ ಒದೆಯನ್ನು ತಡೆಯಲಾಗದು. ಮಾವ ತಲೆ ಕೆರೆದುಕೊಂಡು ಯೋಚಿಸಿ, ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: ಗೆದ್ದವರು ಎಡಗಡೆ. ಗೆದ್ದವರಿಗೆ ಕುಂಟು ಕೋಲು, ಸೋತವರಿಗೆ ಒಳ್ಳೆಯದು. ಸೋತವನಿಗೂ ನಾಳೆ ಬರುವ ಮನಸ್ಸಾಗಲಿ ಎಂಬುದು ಅವನ ಲೆಕ್ಕಾಚಾರ. ಹಾಗಾಗಿ ನಾದಿನಿ ವರ್ಷಗಟ್ಟಲೆ ಎಡಗಡೆಯೇ ಕೂತಳು.

ಈಗ ಕಟ್ಟಡದ ಯಜಮಾನನಿಗೆ ನೆಲಮಾಳಿಗೆ ಗೋದಾಮಿಗೆ ಬೇಕಾಗಿತ್ತು. ತಿಂಗಳು ಮುಗಿದರೆ ಬಾಗಿಲು ಬಂದ್. ಮಾವನಿಗೆ ಉಳಿದದ್ದು ಒಂದೇ ಆಸೆ. ಪಕ್ಕದ ದೊಡ್ಡ ಪಟ್ಟಣದಲ್ಲಿ ಇನ್ನೂ ಉಸಿರಾಡುತ್ತಿದ್ದ ಒಂದು ಆಟದ ಹಾಲ್ ಇತ್ತು. ಅಳಿದುಳಿದ ಆಟಗಾರರೆಲ್ಲ ವರ್ಷಕ್ಕೊಮ್ಮೆ ಅಲ್ಲಿ ಕೂಡುತ್ತಿದ್ದರು. ಅಲ್ಲಿನ ಗೋಡೆಯ ಬೋರ್ಡಿನಲ್ಲಿ ಎಲ್ಲ ಹಾಲ್‌ಗಳ ಹೆಸರಿತ್ತು, ಮುಚ್ಚಿಹೋದವುಗಳದ್ದೂ ಇತ್ತು, ನೆಲಮಾಳಿಗೆಯದ್ದು ಮಾತ್ರ ಇರಲಿಲ್ಲ. "ನಾಲ್ಕು ಜನ ಆಡೋ ಜಾಗಕ್ಕೆ ಹಾಲ್ ಅಂತಾರಾ?" ಎಂದು ಫೋನಿನಲ್ಲಿ ನಕ್ಕಿದ್ದರು. ಆ ನಗು ಮಾವನಿಗೆ ಮುಳ್ಳಿನ ಹಾಗೆ ಚುಚ್ಚಿತ್ತು. ಅವನು ಬೆನ್ನು ಬಿಡದೆ ಕಾಡಿದ್ದಕ್ಕೆ ಅಲ್ಲಿಯ ಗಟ್ಟಿ ಆಟಗಾರನೊಬ್ಬ ಬರಲು ಒಪ್ಪಿದ. ನಾಲ್ವರಲ್ಲಿ ಒಬ್ಬರು ತನ್ನನ್ನು ಸೋಲಿಸಿದರೂ ಸಾಕು, ಹೆಸರು ಬರೆಸುತ್ತೇನೆ ಎಂದ.

ಬಂದ. ಕನ್ನಡಕ, ನುಣ್ಣನೆ ಮಾತು, ಬೆರಳುಗಳೋ ಮಿಂಚು. ಅತಿಥಿಯೆಂದು ಬಿಟ್ಟುಕೊಟ್ಟ ಬಲಗಡೆ ಕೂತು ಕಂಡಕ್ಟರನನ್ನು ಟಿಕೆಟ್ ಹರಿಯುವಷ್ಟರಲ್ಲಿ ಕೆಡವಿದ. "ದಿನಾ ನಾನು ಊರೋರ ತಲೆ ಬೋಳಿಸ್ತಿದ್ದೆ, ಇವತ್ತು ನನ್ನದೇ ಆಯ್ತು," ಎನ್ನುತ್ತ ಕ್ಷೌರದಂಗಡಿಯವನೂ ಎದ್ದ. ಮಾವನ ಆಟದ ವಿಷಯ ಎತ್ತದಿರುವುದೇ ಲೇಸು.

ಅಷ್ಟು ಹೊತ್ತಿಗೆ ನಾದಿನಿ ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ಇಳಿದು ಬಂದಳು. ಕಂಡಕ್ಟರ್ ಮಾವನ ಕಿವಿ ಕಚ್ಚಿದ: "ಗೆದ್ದವನು ಅವನೇ ತಾನೇ? ನಮ್ಮ ನಿಯಮದ ಪ್ರಕಾರ ಎಡಗಡೆ ಕೂರ್ಸಿ. ಕುಂಟು ಕೋಲು ಅವನನ್ನ ನುಂಗಿ ನೀರು ಕುಡಿಯುತ್ತೆ!"

ಮಾವ ಗೋಡೆಯತ್ತ ನೋಡಿದ. ಸುಳ್ಳಲ್ಲ, ಮೋಸವಲ್ಲ, ಗೋಡೆಯ ಮೇಲೆ ಬರೆದ ನಿಯಮ! ಅವನು ಬಾಯಿ ತೆರೆಯುವಷ್ಟರಲ್ಲಿ ನಾದಿನಿಯೇ ಮಾತಾಡಿದಳು.

"ನೀವು ಅಲ್ಲೇ ಇರಿ. ಈ ಕಡೆ ಕೋಲು ಕುಂಟು. ನಿನ್ನೆ ಕೊನೇಲಿ ಗೆದ್ದೋಳು ನಾನು, ಎಡಗಡೆ ನಂದು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ! ಮಾವ ಅವಳನ್ನು ಪಕ್ಕಕ್ಕೆ ಕರೆದು ಹಲ್ಲು ಕಡಿದ. "ನಿನಗೇನು ತಲೆ ಕೆಟ್ಟಿದ್ಯಾ?"

"ಭಾವ, ಅವನು ಕುಂಟು ಕೋಲಲ್ಲಿ ಸೋತ್ರೆ ಬೋರ್ಡಿನ ಮೇಲೆ ಕೋಲಿನ ಹೆಸರು ಬರೆಸ್ಬೇಕಾಗುತ್ತೆ. ನಿಮಗೆ ಬೇಕಾಗಿರೋದು ನಮ್ಮ ಹೆಸರಲ್ವಾ?"

ಮಾವ ಹೋಗಿ ಎಡಗಡೆಯ ಕುರ್ಚಿಯನ್ನು ಅವಳಿಗೆ ಎಳೆದುಕೊಟ್ಟ.

ಮೊದಲ ಸುತ್ತು ಕನ್ನಡಕದವನದು. ಅವಳ ಮಲ್ಲ ಬಗ್ಗುವುದಿಲ್ಲ ಎಂದು ಅರಿತವನೇ ಕಾಲಿಗೇ ಒದ್ದ, ಮತ್ತೆ ಒದ್ದ. ಎರಡನೆಯ ಸುತ್ತಿನಲ್ಲಿ ನಾದಿನಿ ತೆರೆಯಿಂದ ಕಣ್ಣು ಸರಿಸಿ ಅವನ ಮೊಣಕೈ ನೋಡತೊಡಗಿದಳು. ಬಗ್ಗಿ ತಡೆಯಲಾಗದವಳು ಇಷ್ಟು ವರ್ಷ ಕಲಿತದ್ದು ಅದನ್ನೇ: ಒದೆ ಬರುವ ಮೊದಲೇ ಒದೆಯ ಯೋಚನೆಯನ್ನು ಹಿಡಿಯುವುದು. ಅವನ ಮೊಣಕೈ ಒಂದಿಷ್ಟು ಒಳಗೆ ಸರಿಯಿತು; ಅವಳ ಗುದ್ದು ಅಷ್ಟರಲ್ಲೇ ಅವನ ಮಲ್ಲನ ಮುಖದ ಮೇಲಿತ್ತು. ಮತ್ತೆ ಸರಿಯಿತು, ಮತ್ತೆ ಗುದ್ದು. ಎರಡನೆಯದು ಅವಳದಾಯಿತು.

ಮೂರನೆಯದರಲ್ಲಿ ಇಬ್ಬರ ಮಲ್ಲರ ಪ್ರಾಣವೂ ಕೂದಲೆಳೆಯಷ್ಟೇ ಉಳಿಯಿತು. ಮಾವ ಮೇಜಿನ ಅಂಚು ಹಿಡಿದುಕೊಂಡು ನಿಂತ. ಕನ್ನಡಕದವನು ತಡೆದುಕೊಂಡ, ಕಾದ, ಮೊಣಕೈ ಬಿಗಿಹಿಡಿದು ಏನೂ ತೋರಗೊಡಲಿಲ್ಲ. ಆದರೆ ಒದೆಯುವ ಮುನ್ನ ಅವನ ಉಸಿರು ಒಂದು ಗಳಿಗೆ ನಿಂತಿತು. ನಾದಿನಿಗೆ ಅಷ್ಟು ಸಾಕಾಗಿತ್ತು. ಅವನ ಮಲ್ಲ ಅಂಗಾತ ಬಿದ್ದ.

"ಹೊಡೆದ್ಯಲ್ಲೇ ತಾಯೀ!" ಎಂದು ಮಾವ ಕೂಗಿದ್ದು ಮೇಲಿನ ಬೀದಿಗೂ ಕೇಳಿಸಿತು.

ಕನ್ನಡಕದವನು ಎದ್ದು ಬಂದು ಎಡಗಡೆಯ ಕೋಲನ್ನು ತಾನೇ ಎಳೆದು ನೋಡಿದ. ಕೆಳಗೆ ಎಳೆದ, ಇನ್ನೊಮ್ಮೆ ಎಳೆದ. ಮಲ್ಲ ಬಗ್ಗಲಿಲ್ಲ. "ಇಷ್ಟು ವರ್ಷ ಇದ್ರಲ್ಲಿ ಆಡಿದ್ರಾ? ಒಂದು ಹೊಸ ಕೋಲು ಸಿಗ್ಲಿಲ್ವಾ ನಿಮಗೆ?"

ಮಾವ ಮೇಜಿನ ಖಾನೆ ಎಳೆದು, ಕವರು ಸಹ ಬಿಚ್ಚದ ಕೋಲೊಂದನ್ನು ತೆಗೆದಿಟ್ಟ. "ಹಳೇದು ಕೆಟ್ಟ ವಾರವೇ ತಂದಿದ್ದೆ. ಆದ್ರೆ ಇದನ್ನ ಹಾಕಿದ್ರೆ ಇವಳ ಮುಂದೆ ಯಾರು ನಿಲ್ತಿದ್ರು? ಈ ಇಬ್ಬರೂ ಬರೋದು ಬಿಡ್ತಿದ್ರು. ಹಾಲ್ ಅವತ್ತೇ ಮುಚ್ಚಿಹೋಗ್ತಿತ್ತು."

"ನನಗೂ ಗೊತ್ತಿತ್ತು," ಎಂದಳು ನಾದಿನಿ. "ಕತ್ತರಿ ಇಡೋಕೆ ಖಾನೆ ತೆಗೆದಾಗ್ಲೇ ನೋಡಿದ್ದೆ. ಸುಮ್ಮನಿದ್ದೆ."

ಕನ್ನಡಕದವನು ಗೋಡೆಯ ಬರಹವನ್ನು ಓದಿದ. "ಹೆಸರು ಬರೆಸ್ತೀನಿ. ಇನ್ನೊಂದು ಕೇಳ್ತೀನಿ, ಇಲ್ಲ ಅನ್ಬೇಡಿ. ನಮ್ಮಲ್ಲೂ ಗೆಲ್ಲೋರೇ ಗೆಲ್ತಾರೆ, ಸೋತೋರು ವಾಪಸ್ ಬರಲ್ಲ. ಆ ಕುಂಟು ಕೋಲು ನಮಗೆ ಕೊಡಿ."

ಆ ವರ್ಷದ ಕೂಟಕ್ಕೆ ಮಾವ ಹೆಂಡತಿಯನ್ನೂ ಹೊರಡಿಸಿದ. ಅವಳು ದಾರಿಯುದ್ದಕ್ಕೂ ಗೊಣಗಿದಳು. ಬೋರ್ಡಿನ ಕೊನೆಯಲ್ಲಿ 'ನೆಲಮಾಳಿಗೆ' ಎಂದು ಬರೆದಿತ್ತು. ಬಣ್ಣ ಇನ್ನೂ ಹೊಸದು. ಅದರ ಕೆಳಗಿನ ಯಂತ್ರದ ಮುಂದೆ ಸಾಲು ನಿಂತಿತ್ತು, ಗಾಜಿನ ಅಂಚಿನಲ್ಲಿ ನಾಣ್ಯ ಇಡಲು ಜಾಗವಿರಲಿಲ್ಲ. ಎಡಗಡೆ ಕೂತ ನಾದಿನಿ ಹೊಸ ಹುಡುಗಿಯೊಬ್ಬಳಿಗೆ ಬೆವರಿಳಿಸುತ್ತಿದ್ದಳು.

"ಎಲ್ಲಾರೂ ಆ ಎಡಗಡೆ ಕುರ್ಚಿನೇ ನೋಡ್ತಿದಾರಲ್ಲ, ಯಾಕಪ್ಪಾ?" ಎಂದು ಹೆಂಡತಿ ಸಾಲಿನಲ್ಲಿದ್ದವನೊಬ್ಬನನ್ನು ಕೇಳಿದಳು.

"ಅದು ನೆಲಮಾಳಿಗೆ ಕೋಲು ಅಮ್ಮಾ. ಸುಮ್ಮನೆ ಹೋಗಿ ಕೂರೋ ಹಾಗಿಲ್ಲ, ಗೆದ್ದೇ ಕೂರಬೇಕು."

ಹೆಂಡತಿ ಸೆರಗು ಸರಿಮಾಡಿಕೊಂಡು, ಇಡೀ ಸಾಲಿಗೆ ಕೇಳಿಸುವ ಹಾಗೆ ಹೇಳಿದಳು: "ಕೋಲು ನಮ್ಮ ಮನೆಯವರದ್ದು. ಕೂತಿರೋಳು ನನ್ನ ತಂಗಿ."