ಚಿತ್ರದಲ್ಲಿದ್ದ ಮರ

"ವಾಪಸ್ ಒಳಗೆ ತಗೊಳ್ರಪ್ಪ, ತಿರುಗಲ್ಲ ಇದು," ಎಂದ ಒರೆಸ್ತೆ. ಹೊರುತ್ತಿದ್ದ ನಾಲ್ವರೂ ಸಬಾತೀನೋನ ಶವಪೆಟ್ಟಿಗೆಯನ್ನು ಮೂರನೆಯ ಸಲ ಹೊಸ್ತಿಲೊಳಕ್ಕೆ ಎಳೆದುಕೊಂಡರು.

ಬಾಗಿಲಿನಿಂದ ಓಣಿಗೆ ತಿರುಗುವಲ್ಲೇ ಓಕ್ ಮರದ ಬುಡ. ಇನ್ನೊಂದು ಕಡೆ ಬಂಡೆ. ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಕೊಂಡು ತಂದಿದ್ದರು. ಈಗ ಅದರೊಳಗೆ ಮನುಷ್ಯನಿದ್ದ. ಇಗರ್ಜಿಯ ಗಂಟೆ ಆಗಲೇ ಬಡಿಯುತ್ತಿತ್ತು.

ಒರೆಸ್ತೆ ಸತ್ತವನ ತಂಗಿಯ ಮಗ. ಕೊಡಲಿ ತರಲೇ ಎಂದು ಅತ್ತೆಯನ್ನು ಕೇಳಿದ. ಸತ್ತವನ ಹೆಂಡತಿ ನುಂಜಿಯಾತ ಮೂರು ದಿನದಿಂದ ಕಣ್ಣು ಮುಚ್ಚದೆ ಗೋಡೆಗೊರಗಿ ಕೂತಿದ್ದಳು.

* * *

ನಲವತ್ತು ವರ್ಷದ ಹಿಂದೆ ಉತ್ತರದ ಚಿತ್ರಕಾರನೊಬ್ಬ ಎದುರುಗುಡ್ಡದಲ್ಲಿ ಕೂತು ಈ ಊರನ್ನು ಬರೆದ. ಅವನ ಸಾಮಾನನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಹೋಗುತ್ತಿದ್ದವನು ಸಬಾತೀನೋ. ಕೊನೆಯ ದಿನ ಚಿತ್ರ ನೋಡಿದ: ಬಂಡೆಗೆ ಕಚ್ಚಿಕೊಂಡ ಮನೆಗಳು, ಅವುಗಳ ಮೇಲೆ ಸಂಜೆಯ ಹೊಂಬಿಸಿಲು, ಹಿಂದೆ ನೀಲಿ ಬೆಟ್ಟಸಾಲು. ತನ್ನ ಬಾಗಿಲಲ್ಲಿ ಮಾತ್ರ, ನಿಜಕ್ಕೂ ಅಲ್ಲಿರದ ಒಂದು ಮರ. ಯಾಕೆಂದು ಕೇಳಿದ. ಚಿತ್ರದಲ್ಲಿ ಆ ಜಾಗಕ್ಕೆ ಕಪ್ಪು ಸಾಲದಾಗಿತ್ತು, ಅದಕ್ಕೆ ಬರೆದೆ ಎಂದ ಚಿತ್ರಕಾರ.

ಚಿತ್ರ ಎಲ್ಲಿಗೋ ಹೋಯಿತು. ಮರುವಾರ ಸಬಾತೀನೋ ಕಾಡಿನಿಂದ ಓಕ್ ಸಸಿ ಕಿತ್ತು ತಂದು ಬಾಗಿಲಲ್ಲಿ ನೆಟ್ಟ.

"ಅಷ್ಟು ದೂರದಿಂದ ಬಂದೋನಿಗೆ ಕಂಡ ಕೊರತೆ ಇಲ್ಲೇ ಹುಟ್ಟಿದ ನನಗೆ ಕಾಣ್ಲಿಲ್ವಲ್ಲೇ," ಎಂದ ಹೆಂಡತಿಗೆ.

ಆಡು ತಿನ್ನುತ್ತದೆ ಬಿಡು ಎಂದಳು ನುಂಜಿಯಾತ. ಆಡು ತಿನ್ನಲಿಲ್ಲ.

* * *

"ಕಡೀಬೇಡ," ಎಂದಳು ನುಂಜಿಯಾತ. "ನಲವತ್ತು ವರ್ಷ ನಾನೇ ಕಡಿ ಕಡಿ ಅಂದೆ. ಇವತ್ತು ಕಡಿದ್ರೆ, ಅವನು ಸಾಯೋದನ್ನೇ ಕಾಯ್ತಿದ್ದಳು ಅನ್ನೋ ಹಾಗಾಗತ್ತೆ."

"ಹಾಗಾದ್ರೆ ಮಾವನ್ನ ಹೇಗೆ ಸಾಗ್ಸೋದು, ಅತ್ತೆ?"

ಆಗ ಎದುರುಮನೆಯ ಬಾಗಿಲು ತೆರೆಯಿತು. ಮರದ ಜಗಳದಲ್ಲಿ ಈ ಮನೆಯವರೊಡನೆ ಮಾತು ಬಿಟ್ಟಿದ್ದ ದೊಮಿತಿಲ್ಲಾ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ನೇರ ಈ ಕಡೆ ತನ್ನಿ. ನನ್ನ ಅಡುಗೆಮನೆ ದಾಟಿದ್ರೆ ಇಗರ್ಜಿ ಚೌಕ. ಬದುಕಿದ್ದಾಗ ಕರೆದಿದ್ರೂ ಬರ್ತಿರಲಿಲ್ಲ ಪುಣ್ಯಾತ್ಮ, ಇವತ್ತಾದ್ರೂ ಬರ್ಲಿ."

ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

ಪೆಟ್ಟಿಗೆ ಓಣಿಯನ್ನು ಅಡ್ಡಲಾಗಿ ದಾಟಿತು. ಹೊರುವವರು ಅದನ್ನು ತಲೆಯ ಮೇಲಕ್ಕೆತ್ತಿ, ನಾದಿಟ್ಟ ಹಿಟ್ಟಿದ್ದ ಮೇಜನ್ನು ಬಳಸಿ ನಡೆದರು. ಹಿಂದೆ ಬಂದ ನುಂಜಿಯಾತ ಅಡುಗೆಮನೆಯಲ್ಲೇ ನಿಂತಳು. ಕಿಟಕಿಯ ತುಂಬ ಓಕಿನ ಎಲೆ, ಒಳಗೆ ಕತ್ತಲು. ಗೂಡಿನಲ್ಲಿ ಎಣ್ಣೆದೀಪ ಉರಿಯುತ್ತಿತ್ತು. ಅದರ ಮೇಲಿನ ಗೋಡೆ ಸೂರಿನವರೆಗೂ ಮಸಿ ಹಿಡಿದಿತ್ತು.

"ಹಗಲಲ್ಲೂ ಹಚ್ಚಿರ್ತೀಯಾ?"

"ಮೂವತ್ತು ವರ್ಷ ಆಯ್ತು. ಕಾಲು ನೋಡ್ಕೊ, ಮೆಟ್ಟಿಲಿದೆ."

ದೊಮಿತಿಲ್ಲಾ ದೀಪ ಎತ್ತಿಕೊಂಡು ಮುಂದಾಗಿ ದಾರಿ ತೋರಿದಳು. ಚೌಕದ ಸುಡುಬಿಸಿಲಿಗೆ ಬಂದ ಮೇಲೂ, ಇದೆಯೋ ಇಲ್ಲವೋ ಎಂಬಂತಿದ್ದ ಆ ದೀಪದ ಕುಡಿಗೆ ಕೈ ಮರೆ ಹಿಡಿದು, ಪೆಟ್ಟಿಗೆಯ ಪಕ್ಕದಲ್ಲೇ ನಡೆದಳು.